ಪಟಗಾದ ಮ್ಯಾಲಿನ ಹೆಲ್ಮೆಟ್

ಎಲ್ಲಾರ ತಲಿ ಕಾಯಾಂವನ ತಲಿ ಕಾಯಾವ್ರು ಯಾರೂ ಇಲ್ಲ ನೋಡ್ರಿ. ವಿಜಯಪುರದ ಇಬ್ರಾಹಿಂಪುರದಾಗ ನಂದೊಂದು ಸಣ್ಣ ಹೆಲ್ಮೆಟ್ ಅಂಗಡಿ ಐತಿ. ದಿನಾ ಒಬ್ಬಾಂವರೆ ಬಂದು ನನ್ನ ತಲಿ ತಿಂದು ಹೋಗ್ತಾನ. ತಿಂದ್ರ ತಿನ್ಲಿ, ಒಂದ್ಸಲ ಈ ಹೆಲ್ಮೆಟ್ ಸಲುವಾಗಿ ನನ್ನ ಮಗಳ ಲಗ್ನನ ಮುರೀತಿತ್ತು. ಅದನ್ನ ಕಡೀಕ ಹೇಳ್ತೇನಿ.

ಹೆಸರಿನ ಗಿರಾಕಿ

ಒಂದು ಮಧ್ಯಾಹ್ನ ರಿಟೈರ್ ಆದ ಮಾಸ್ತರೊಬ್ರು ಬಂದ್ರು. ಒಂದು ಹೆಲ್ಮೆಟ್ ಕೈಯಾಗ ಹಿಡದು, "ಇದಕ್ಕ ನಾವು ಶಿರಸ್ತ್ರಾಣ ಅಂತೀವಿ. ಶಿರ ಅಂದ್ರ ತಲಿ, ತ್ರಾಣ ಅಂದ್ರ ಕಾಪಾಡೂದು. ಇಂಗ್ಲಿಷ್ ಹೆಸರಿನ ಬುಡಾ ಹುಡುಕಿದ್ರ ಮುಚ್ಚೂದು ಅಂತ ಬರ್ತೈತಿ. ಅವ್ರು ಮುಚ್ಚೂದು ನೋಡಿದ್ರು, ನಾವು ಕಾಯೂದು ನೋಡಿದ್ವಿ" ಅಂದ್ರು. ನಾ ಚಾ ತರಿಸಿದೆ. ಚಾ ಕುಡದು, ಹಳೇ ರಾಜರ ಕಬ್ಬಿಣದ ಟೊಪ್ಪಿಗಿತನಕ ಹೋಗಿ ಬಂದ್ರು.

"ಸರ, ನಿಮಗ ಯಾವ ಬಣ್ಣದ್ದು ಕೊಡ್ಲಿ?" ಅಂದೆ.

"ನನಗ್ಯಾಕಪಾ? ನಾ ಬಸ್ಸಿಗೆ ಅಡ್ಡಾಡಾಂವ."

ತಿಕೋಟಾದ ಮಾಲು

ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿಯೊಬ್ಬ ಹೆಲ್ಮೆಟ್ ಒಯ್ದ. ತಲಿಗೆ ಹಾಕ್ಕೊಳ್ಳಲಿಲ್ಲ. ಬುಟ್ಟಿಹಂಗ ಹ್ಯಾಂಡಲಿಗೆ ತೂಗಹಾಕಿ, ಗಿರಾಕಿಗೆ ತೋರ್ಸೂ ದ್ರಾಕ್ಷಿ ತುಂಬ್ಕೊಂಡು ಅಡ್ಡಾಡ್ತಿದ್ದ. ಒಂದಿನ ಎದುರಿಗೆ ಪೊಲೀಸ್ರು ಕಂಡಾರ. ಗಡಿಬಿಡ್ಯಾಗ ಹಂಗ ಎತ್ತಿ ತಲಿಮ್ಯಾಲ ಬೋರಲ ಹಾಕ್ಕೊಂಡಾನ. ಕಿವಿ ಮ್ಯಾಲ, ಕಾಲರಿನ್ಯಾಗ ಎಲ್ಲಾ ಕಡೆ ಕರೇ ದ್ರಾಕ್ಷಿ. ಪೊಲೀಸಪ್ಪ ಅವನ ಹೆಗಲ ಮ್ಯಾಲಿಂದ ಒಂದು ಆರಿಸಿ ಬಾಯಾಗ ಹಾಕ್ಕೊಂಡು, "ಹಸರ ಮಾಲ ಇಲ್ಲೇನು?" ಅಂದ್ನಂತ.

ಬಬಲೇಶ್ವರದ ಮಾತುಕತಿ

ಇನ್ನ ಲಗ್ನದ ಕತಿ. ಮಗಳಿಗೆ ಹುಡುಗ, ಹುಡುಗಗ ಮಗಳು ಮನಸಿಗೆ ಬಂದಿದ್ರು. ಹಿರ್ಯಾರು ಕೂತು ಮಾತು ಮುಗಿಸೂದಷ್ಟ ಬಾಕಿ. ಕಳ್ಳಕವಟಗಿಯಿಂದ ನಮ್ಮ ಮಾವ, ಅಂದ್ರ ಹೆಂಡತಿ ಅಪ್ಪ, ತಲಿಗೆ ದೊಡ್ಡ ಪಟಗಾ ಸುತಗೊಂಡು ಬಂದ್ರು. ನನ್ನ ಬೈಕಿನ ಹಿಂದ ಕೂಡ್ರಬೇಕು.

"ಪಟಗಾ ಬಿಚ್ಚಿ ಹೆಲ್ಮೆಟ್ ಹಾಕ್ಕೊರಿ ಮಾವಾರ" ಅಂದೆ.

"ಮಂದ್ಯಾಗ ಪಟಗಾ ತಗಿಯೂದೂ ಒಂದ, ಮಾನಾ ತಗಿಯೂದೂ ಒಂದ. ಮನ್ಯಾಗಿನ ಹೆಣಮಕ್ಕಳೂ ನನ್ನ ಬರೇ ತಲಿ ನೋಡಿಲ್ಲ."

ಅಂಗಡ್ಯಾಗಿನ ಎಲ್ಲಾಕ್ಕಿಂತ ದೊಡ್ಡ ಹೆಲ್ಮೆಟ್ ತಗದು ಪಟಗಾದ ಮ್ಯಾಲ ಒತ್ತಿ ಕೂಡ್ರಿಸಿದೆ.

ಬಬಲೇಶ್ವರದಾಗ ಹುಡುಗನ ಮನಿ ಮುಂದ ಇಳದ್ರ, ಹೆಲ್ಮೆಟ್ ತಲಿ ಬಿಟ್ಟು ಬರವಲ್ದು. ನಾ ಜಗ್ಗಿದೆ, ಹುಡುಗ ಜಗ್ಗಿದ. ಮಾವ ಒಳಗಿಂದನ "ಇರ್ಲಿ ಬಿಡ್ರಿ, ಮಾತು ಸುರು ಮಾಡ್ರಿ" ಅಂದು, ಹೆಲ್ಮೆಟ್ಟಿನ ಗಾಜು ಎತ್ತಿ ಬಸಿಯಾಗ ಚಾ ಕುಡದು, ಮತ್ತ ಗಾಜು ಇಳಿಸಿದ್ರು. ಹುಡುಗನ ಅಜ್ಜಾರಿಗೂ ತಲಿಮ್ಯಾಲ ಪಟಗಾ, ಮೂಗಿನ ಮ್ಯಾಲ ಸಿಟ್ಟು. "ಮಾರಿ ಕಾಣದಾವರ ಕೂಡ ಬೀಗತನದ ಮಾತು ಹೆಂಗ ಆಡೂದು?" ಅಂತ ಎದ್ದ ನಿಂತ್ರು.

ಕಡೀಕ ಅಜ್ಜಾರ ಎರಡೂ ಕೈ ಹಾಕಿ ಜಗ್ಗಿದ್ರು. ಹೆಲ್ಮೆಟ್ ಬಂತು, ಅದರ ಕೂಡ ಪಟಗಾನೂ ಬಂತು. ಮಾವನ ಬೋಳ ತಲಿ ಪಡಸಾಲಿ ತುಂಬ ಮಿಂಚಿತು. ಮಾವ ಎರಡೂ ಕೈಲೆ ತಲಿ ಮುಚ್ಕೊಂಡು ನೆಲ ನೋಡಾಕತ್ರು. ಮುಗೀತು ನನ್ನ ಮಗಳ ಲಗ್ನ ಅಂದ್ಕೊಂಡೆ.

ಅಜ್ಜಾರು ಹೆಲ್ಮೆಟ್ಟಿನ್ಯಾಗ ಇಣುಕಿ ನೋಡಿದ್ರು, ಮಾವನ್ನ ನೋಡಿದ್ರು. ಆಮ್ಯಾಲೆ ಸಾವಕಾಶ ತಮ್ಮ ಪಟಗಾ ತಗದು ತೊಡಿಮ್ಯಾಲ ಇಟ್ಕೊಂಡ್ರು. ಅಲ್ಲೂ ಒಂದ ಕೂದಲಿಲ್ಲ.

"ಕೈ ತಗೀರಿ ಬೀಗರ. ಮುಚ್ಚಿಡಾಕ ಇಬ್ಬರಿಗೂ ಏನೂ ಉಳೀಲಿಲ್ಲ" ಅಂದು, ಒಳಗಿನ ಹೆಣಮಕ್ಕಳಿಗೆ ಕೂಗಿ ಹೇಳಿದ್ರು, "ಎಲಿ ಅಡಿಕಿ ತರ್ರಿ ಬೇ. ಕೆಳಗ ನೋಡ್ಕೊಂತ ಬರ್ರಿ."