ಗ್ರೀಕರಿಗೆ ಬಡಿಸಿದ ಮುದ್ದೆ

ನಮ್ಮ ಮನೆಯವರಿಗೆ ಪ್ರೀತಿಯ ಬಗ್ಗೆ ಗೊತ್ತಿಲ್ಲದ್ದು ಏನೂ ಇಲ್ಲ! ಹೊಸದುರ್ಗದ ಕಾಲೇಜಿನಲ್ಲಿ ಮೂವತ್ತು ವರ್ಷ ತತ್ವಶಾಸ್ತ್ರ ಹೇಳಿದವರು. ಅದರಲ್ಲಿ ನನಗೆಂದು ಒಂದು ಮಾತು ಬಂದಿದ್ದರೆ ದೇವರಾಣೆಗೂ ನೆನಪಿಲ್ಲ. ಸ್ನಾನಕ್ಕೆ ಹೋದರೆ ಆತ್ಮದ ಯೋಚನೆ. ಬಿಸಿನೀರು ಆರಿ, ನಾನು ಮತ್ತೆ ಕಾಯಿಸಬೇಕು. ತೆಂಗಿನಕಾಯಿ ತನ್ನಿ ಎಂದು ಸಂತೆಗೆ ಕಳಿಸಿದರೆ ಕಾಯಿ ಮಾರುವವನೊಂದಿಗೆ ಸತ್ಯದ ಚರ್ಚೆ ಮಾಡಿ ಬರಿಗೈಯಲ್ಲಿ ಬರುತ್ತಾರೆ. "ಅವ್ನು ಒಪ್ಕಂಡ ಕಣೇ!" ಎನ್ನುತ್ತಾರೆ. ಕಾಯಿ ಎಲ್ಲಿ? ನನಗಂತೂ ಕೇಳಿ ಕೇಳಿ ಸಾಕಾಗಿದೆ.

ಈ ವರ್ಷ ನಿವೃತ್ತಿ. ಹೋಗುವ ಮೊದಲು ವಿದ್ಯಾರ್ಥಿಗಳಿಂದ ಗ್ರೀಕರ ಹಳೆಯ ಸಂವಾದವೊಂದನ್ನು ನಾಟಕವಾಗಿ ಆಡಿಸಲೇಬೇಕೆಂದು ಹಟ. ಏನಿಲ್ಲ, ಔತಣಕ್ಕೆ ಸೇರಿದವರು ಒಬ್ಬೊಬ್ಬರಾಗಿ ಪ್ರೀತಿ ಎಂದರೇನೆಂದು ಹೇಳುವುದು. ಗ್ರೀಕರ ಉಡುಪಿಗೆಂದು ನಮ್ಮ ಮನೆಯ ಹೊದಿಕೆಗಳೆಲ್ಲ ಹೋದವು. ಹೋಗಲಿ ಎಂದರೆ, "ಔತಣ ಅಂದ್ಮೇಲೆ ನಿಜವಾದ ಊಟನೇ ಇರ್ಬೇಕು, ನೀನೇ ಬಡಿಸು" ಎಂದರು. ಗ್ರೀಕರು ಮುದ್ದೆ ಉಣ್ಣುತ್ತಿದ್ದರೇ ಎಂದು ಕೇಳಲು ನನಗೆ ತ್ರಾಣ ಎಲ್ಲಿತ್ತು? ಬೆಳಗಿನಿಂದ ಮುದ್ದೆ ಕಟ್ಟಿ ರಟ್ಟೆ ಬಿದ್ದುಹೋಗಿತ್ತು.

ಸಂಜೆ ಕಾಲೇಜಿನಲ್ಲಿ ಪರದೆ ಸರಿಯಿತು. ಆರು ಜನ ಗ್ರೀಕರು ಸಾಲಾಗಿ ಕುಳಿತರು. ಬಡಿಸಿದೆ. ತಲೆ ತಗ್ಗಿಸಿ ಉಣ್ಣತೊಡಗಿದರು. ಒಬ್ಬರಾದರೂ ಮಾತೆತ್ತಬೇಡವೇ? ನುಂಗುವುದೇ ನುಂಗುವುದು! ತಾಲೀಮೆಲ್ಲ ಖಾಲಿ ತಟ್ಟೆಯಲ್ಲಿ ನಡೆದಿತ್ತಲ್ಲ! ಇವರು ಪರದೆಯ ಮರೆಯಿಂದ "ಮಾತಾಡ್ರೋ!" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದರು. ಮುಖ್ಯ ಗ್ರೀಕ, ಯಲ್ಲದಕೆರೆಯ ಹುಡುಗ, ಗಟ್ಟಿಯಾಗಿಯೇ ಹೇಳಿದ: "ತಡೀರಿ ಸಾರ್, ಉಣ್ಣಾಗ ಮಾತಾಡಿದ್ರೆ ನಮ್ಮಜ್ಜಿ ಬೈತೈತೆ. ಅಲ್ಲೇ ಮುಂದಿನ ಸಾಲಾಗೆ ಕುಂತೈತೆ!"

ಸಭೆ ಬಿದ್ದು ಬಿದ್ದು ನಕ್ಕಿತು. ಇವರ ಮುಖ ಸಪ್ಪಗಾಯಿತು. ಎಷ್ಟು ವರ್ಷದ ಆಸೆ! ದಣಿದಿದ್ದರೂ ನನಗೆ ಪಾಪ ಎನ್ನಿಸಿತು.

ಹುಡುಗನಿಗೂ ಪಾಪ ಎನ್ನಿಸಿತೇನೋ. ಕೈ ತೊಳೆದುಕೊಂಡು, "ನಮಗೆಲ್ಲ ಮರ್ತೋತು ಸಾರ್. ನೀವೇ ಬಂದು ಹೇಳ್ರಿ, ಪ್ರೀತಿ ಅಂದ್ರೆ ಏನು?" ಎಂದ.

ಇವರು ರಂಗದ ಮೇಲೆ ಬಂದು ನಿಂತರು. ಗಂಟೆಗಟ್ಟಲೆ ಮಾತಾಡುವ ಮನುಷ್ಯ! ಸಾರಿನ ಪಾತ್ರೆ ಹಿಡಿದು ನಿಂತಿದ್ದ ನನ್ನನ್ನು ನೋಡಿದರು.

"ಗೊತ್ತಿಲ್ಲ ಕಣ್ರಪ್ಪ. ಇವ್ಳು ಬೆಳಿಗ್ಗೆಯಿಂದ ಒಲೆ ಮುಂದೆ ಅವ್ಳೆ. ಉಂಡ್ಯಾ ಅಂತ ನಾನು ಕೇಳಿಲ್ಲ. ಇವತ್ತಲ್ಲ, ಯಾವತ್ತೂ ಕೇಳಿಲ್ಲ."

ಪಾತ್ರೆ ಇಸಿದುಕೊಂಡು, ತಟ್ಟೆ ಹಾಕಿ, ಮುದ್ದೆ ಇಟ್ಟು, "ಕುಂತ್ಕ" ಎಂದರು. ಅಭ್ಯಾಸವಿಲ್ಲದ ಕೈ, ಅರ್ಧ ಸಾರು ನನ್ನ ಸೀರೆಗೇ ಬಡಿಸಿದರು. ಬೈಯಬೇಕೆಂದುಕೊಂಡವಳು ತಟ್ಟೆ ಹತ್ತಿರಕ್ಕೆ ಎಳೆದುಕೊಂಡೆ. ಊರ ಮುಂದೆ ಕುಳಿತು, ಕಣ್ಣೊರೆಸಿಕೊಳ್ಳುತ್ತ, ತಣ್ಣಗಾದ ಮುದ್ದೆಯನ್ನು ಪೂರ್ತಿ ಉಂಡೆ.