ನಾಲ್ಕು ಊರು ಸುತ್ತಿದ ಹರಳು

ಬದನೆಕಾಯಿ ಕೊಳ್ಳುವವರು ತೊಟ್ಟು ನೋಡುತ್ತಾರೆ, ಎತ್ತು ಕೊಳ್ಳುವವರು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ವಜ್ರ ಕೊಳ್ಳಲು ಬಂದವರು ಮಾತ್ರ ಹರಳೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ನೋಡುತ್ತಾರೆ. ಬಾಗಲಕೋಟೆಯ ಪೇಟೆಯಲ್ಲಿ ಚಿನ್ನದ ಅಂಗಡಿ ಇಟ್ಟುಕೊಂಡು ನಾನು ತಲೆ ಬೆಳ್ಳಗೆ ಮಾಡಿಕೊಂಡದ್ದೇ ಈ ತಮಾಷೆ ನೋಡುತ್ತ. ಇಂಥವು ಮೊದಲೂ ಆದವು, ಆಮೇಲೂ ಆದವು. ಆದರೆ ಎಪ್ಪತ್ತರ ದಶಕದಲ್ಲಿ ಒಂದೇ ಒಂದು ಹರಳು ನನ್ನನ್ನು ಕುಣಿಸಿತಲ್ಲ, ಅದರ ಮುಂದೆ ಉಳಿದವು ಯಾವ ಲೆಕ್ಕಕ್ಕೂ ಇಲ್ಲ.

ನಮ್ಮ ಕಡೆ ಆಗ ಒಡವೆ ಅಂದರೆ ಬಂಗಾರ. ವಜ್ರದ ಹೆಸರು ಕೇಳಿದವರಿದ್ದರು, ಕಂಡವರು ಕಡಿಮೆ. ನಾನು ಒಂದು ಕೆಲಸಕ್ಕೆ ಕೂತರೆ ಇನ್ನೊಂದಕ್ಕೆ ಏಳುವ ಜಾತಿಯವನು. ಮುಂಬಯಿಗೆ ಹೋದಾಗ ಜೋಳದ ಕಾಳಿನಷ್ಟು ದಪ್ಪದ ಒಂದು ವಜ್ರ ನೋಡಿ ತಲೆ ಕೆಟ್ಟಿತು. ಕೈಯಲ್ಲಿ ಬಂಡವಾಳವಿರಲಿಲ್ಲ. ಊರಿಗೆ ಬಂದು ಮುಖ ಸಣ್ಣದು ಮಾಡಿಕೊಂಡು ಕೂತೆ. ಹೆಂಡತಿ ತವರಿನವರು ಕೊಟ್ಟ ಪಾಟ್ಲಿಗಳನ್ನು, ಅಂದರೆ ಅಗಲವಾದ ಚಿನ್ನದ ಬಳೆಗಳನ್ನು, ಕೈಯಿಂದ ತೆಗೆದು ನನ್ನ ಮುಂದಿಟ್ಟಳು.

"ವೈಶಾಖದಾಗ ನನ್ನ ತಮ್ಮನ ಮದುವಿ ಐತಿ. ಅಷ್ಟರಾಗ ಇವು ನನ್ನ ಕೈಯಾಗ ಇರಬೇಕು. ಬರೇ ಗಾಜಿನ ಬಳಿ ಇಟ್ಕೊಂಡು ನಾ ತವರಮನಿ ಹೊಸ್ತಿಲ ದಾಟಾಕಿ ಅಲ್ಲ, ಮದ್ಲ ಹೇಳೇನಿ," ಎಂದಳು.

ಪಾಟ್ಲಿ ಅಡವಿಟ್ಟು ಹರಳು ತಂದೆ. ಮುಂಬಯಿಯ ವ್ಯಾಪಾರಿ ಹರಳಿನ ಜೊತೆಗೆ ಪಾಠವನ್ನೂ ಕೊಟ್ಟು ಕಳಿಸಿದ್ದ. ನಾಲ್ಕು ನೋಡಬೇಕು. ಕಟಿಂಗ್ ಚೆನ್ನಾಗಿದ್ದರೆ ಒಳಗೆ ಹೋದ ಬೆಳಕು ತಿರುಗಿ ಕಣ್ಣಿಗೇ ಬರುತ್ತದೆ. ಬಿಳುಪು ನೋಡಲು ಬಿಳಿ ಕಾಗದದ ಮೇಲಿಟ್ಟು ಹಗಲು ಬೆಳಕಿನಲ್ಲಿ ಓರೆಯಾಗಿ ನೋಡಬೇಕು. ಒಳಗೆ ಚುಕ್ಕೆ, ಬಿರುಕು ಇದೆಯೇ ಎಂದು ದುರ್ಬೀನು, ಅಂದರೆ ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ, ಹಿಡಿದು ನೋಡಬೇಕು. ತೂಕ ಕೊನೆಗೆ. "ದೀಪದ ಕೆಳಗೆ ಮಾತ್ರ ಕೊಳ್ಳಬೇಡ, ಅಲ್ಲಿ ಎಲ್ಲ ಹರಳೂ ಮದುಮಗಳೇ," ಎಂದಿದ್ದ. ಈ ಪಾಠವನ್ನು ನಾನು ಬಸ್ಸಿನಲ್ಲೇ ಬಾಯಿಪಾಠ ಮಾಡಿದೆ.

ಮೊದಲು ಕಂಡ ದೋಷ

ಮೊದಲ ಗಿರಾಕಿ ಬೇವೂರಿನ ಗೌಡರು. ಹೆಂಡತಿಗೆ ಮೂಗುಬೊಟ್ಟು ಮಾಡಿಸಬೇಕಿತ್ತು. ನಾನು ಹರಳನ್ನು ಚಿಮಟದಲ್ಲಿ ಹಿಡಿದು ನಾಲ್ಕೂ ಗುಣಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಗೌಡರು ದುರ್ಬೀನು ಕಣ್ಣಿಗೆ ಸಿಕ್ಕಿಸಿಕೊಂಡು ಬಾಗಿದರು. ಬಾಗಿದವರು ಏಳಲೊಲ್ಲರು. ನನಗೆ ಕುಂತಲ್ಲಿ ಕೂರಲಾಗಲಿಲ್ಲ.

"ಏನ ಕಾಣಸ್ತೈತ್ರಿ ಗೌಡ್ರ?"

"ಭಾಳ ಹೊಲಸ ಐತಿ."

ಮುಂಬಯಿಯವನು ಮೋಸ ಮಾಡಿದನೆಂದೇ ತಿಳಿದೆ. "ಒಳಗ ಕರಿ ಚುಕ್ಕಿ ಐತೇನ್ರಿ?"

"ಚುಕ್ಕಿ ಎಲ್ಲೀದು ತರ್ತೀರಿ, ಗುಡ್ಡ ಕುಂತಂಗ ಕುಂತೈತಿ."

ದುರ್ಬೀನು ಕಸಿದುಕೊಂಡು ಅವರು ನೋಡಿದ ಕಡೆಯೇ ನೋಡಿದೆ. ಗೌಡರು ಅಷ್ಟು ಹೊತ್ತೂ ಚಿಮಟ ಹಿಡಿದ ನನ್ನ ಹೆಬ್ಬೆರಳನ್ನು ನೋಡಿದ್ದರು. ರುಮಾಲು ಸರಿ ಮಾಡಿಕೊಂಡು ಎದ್ದರು.

"ಹರಳಿನ ಮಾತ ಆಮ್ಯಾಲ ನೋಡೂಣು. ಮದ್ಲ ಉಗರ ತಕ್ಕೋರಿ, ಸಾವ್ಕಾರ್ರ."

ಹುನಗುಂದದ ಎಮ್ಮೆ

ಉಗುರು ತೆಗೆದುಕೊಂಡ ಮೇಲೆ ಹುನಗುಂದದ ಹೆಡ್‌ಮಾಸ್ತರರು ಸಿಕ್ಕರು. ಓದಿದ ಮನುಷ್ಯ, ಎಲ್ಲವನ್ನೂ ತಿಳಿದುಕೊಂಡು, ಹರಳನ್ನು ಬಾಗಿಲ ಬಳಿ ಒಯ್ದು ಬಿಳಿ ಕಾಗದದ ಮೇಲಿಟ್ಟು ನೋಡಿದರು. ವ್ಯಾಪಾರ ಆಯಿತೆಂದೇ ನಾನು ಚಹಾ ತರಿಸಿದೆ. ಅವರು ಚಹಾ ಕುಡಿದು, "ಅವ್ವ ಮನ್ಯಾಗ ಇಟ್ಟ ನೋಡಬೇಕಂತಾಳ್ರಿ," ಎಂದರು.

ಇದೊಂದು ಪದ್ಧತಿ. ವಜ್ರ ಎಲ್ಲರಿಗೂ ಸಲ್ಲುವುದಿಲ್ಲವೆಂದು ಜನರ ನಂಬಿಕೆ. ಕೊಳ್ಳುವ ಮೊದಲು ಮನೆಗೆ ಒಯ್ದು ದೇವರ ಜಗುಲಿಯ ಮೇಲಿಡುತ್ತಾರೆ. ಮನೆಗೆ ಒಳ್ಳೆಯದಾದರೆ ಹಣ ಬರುತ್ತದೆ, ಕೆಟ್ಟದ್ದಾದರೆ ಹರಳು ಬರುತ್ತದೆ. ವ್ಯಾಪಾರಿ ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿರಬೇಕು. ನನ್ನಿಂದ ಆದೀತೇ? ಊಟಕ್ಕೆ ಕೂತರೆ ಹರಳು, ತಕ್ಕಡಿ ಹಿಡಿದರೆ ಹರಳು. ಆ ಮನೆಯಲ್ಲಿ ಕಸ ಗುಡಿಸುವವರು ಅದನ್ನು ಗುಡಿಸಿ ತಿಪ್ಪೆಗೆ ಚೆಲ್ಲಿದಂತೆ ಕನಸು ಬಿತ್ತು.

"ಹರಳು ಅವರ ಮನ್ಯಾಗ ಐತಿ, ಅದರ ಕಾಟ ನಮ್ಮ ಮನ್ಯಾಗ ಐತಿ," ಎಂದು ಹೆಂಡತಿ ಗೊಣಗಿದಳು.

ತಡೆಯಲಾಗದೆ ಹುನಗುಂದದ ಬಸ್ ಹತ್ತಿದೆ. ಹೆಡ್‌ಮಾಸ್ತರರು ದನದ ಕೊಟ್ಟಿಗೆಯಲ್ಲಿ ಖಾಲಿ ಚರಿಗೆ ಹಿಡಿದು ನಿಂತಿದ್ದರು.

"ಹರಳಿಗೆ ನೂರಕ್ಕ ನೂರು ಮಾರ್ಕ್ಸ್ ಕೊಟ್ಟೇನ್ರಿ. ಬಿಳುಪು ಚೊಲೋ, ಕಟಿಂಗ್ ಚೊಲೋ, ಒಳಗ ಒಂದ ಚುಕ್ಕಿ ಇಲ್ಲ."

"ಹಂಗಾರ ಮುಗೀತಲ್ರಿ, ಸರ?"

"ಮುಗೀತಿತ್ರಿ. ಆದ್ರ ಅದು ಮನಿಗೆ ಬಂದಾಗಿಂದ ಎಮ್ಮಿ ಹಾಲ ಕೊಡವಲ್ದು."

ನನಗೆ ಸಿಟ್ಟು ನೆತ್ತಿಗೇರಿತು. "ಸರ, ಎಮ್ಮಿ ಗಬ್ಬ ಇರಬೇಕ್ರಿ!"

ಅವರು ಒಳಮನೆಯ ಕಡೆ ಒಮ್ಮೆ ನೋಡಿ ದನಿ ಇಳಿಸಿದರು. "ಗಬ್ಬ ಐತ್ರಿ. ನನಗ ಗೊತ್ತೈತಿ, ಎಮ್ಮಿಗೂ ಗೊತ್ತೈತಿ. ಅವ್ವಗ ಹೇಳಾವ್ರು ಯಾರು?"

ಹರಳಿನ ಪೊಟ್ಟಣ ಕಿಸೆಯಲ್ಲಿಟ್ಟುಕೊಂಡು ಮನೆಗೆ ಬಂದೆ. ಹೆಂಡತಿ ಏನಾಯಿತೆಂದು ಕೇಳಿದಳು.

"ಮಾಸ್ತರ್ರು ಒಪ್ಪಿದ್ರು. ಎಮ್ಮಿ ಒಪ್ಪಲಿಲ್ಲ," ಎಂದೆ.

ಬಣ್ಣ ನಿಲ್ಲದ ಮಾಲು

ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬರು ಮಗಳಿಗೆಂದು ಹರಳು ಕೇಳಿದರು. ಮನೆಯಲ್ಲೇ ಮಗ್ಗಗಳು, ಹುಟ್ಟಿದಾಗಿನಿಂದ ನೂಲು ಮತ್ತು ಬಣ್ಣದಲ್ಲೇ ಬೆಳೆದವರು. ಎಮ್ಮೆ ಇದೆಯೇ ಎಂದು ಮೊದಲೇ ಕೇಳಿದೆ. ಇಲ್ಲವೆಂದರು. ಧೈರ್ಯವಾಗಿ ಕೊಟ್ಟು ಬಂದೆ.

ಮದುವೆ ಹತ್ತಿರ ಬರುತ್ತಿತ್ತು. ಹೆಂಡತಿಯ ತಮ್ಮ ಕರೆಯಲು ಬಂದಾಗ ಅವಳು ಅವನಿಗೆ ನೀರು ಕೊಡುತ್ತ ಸೆರಗನ್ನು ಮುಂಗೈ ಮೇಲೆ ಎಳೆದುಕೊಂಡಳು. ನಾನದನ್ನು ನೋಡಿದೆ. ಮರುದಿನವೇ ಇಳಕಲ್ಲಿಗೆ ಓಡಿದೆ.

ವ್ಯಾಪಾರಿ ಹರಳನ್ನು ಒಂದು ಬಟ್ಟಲಿನಲ್ಲಿ ಸೋಡಾ ಬೆರೆಸಿದ ಬಿಸಿನೀರಿಗೆ ಹಾಕಿ ಎದುರಿಗೆ ಇಟ್ಟುಕೊಂಡು ಕೂತಿದ್ದರು.

"ನೀರಿಗೆ ಬಣ್ಣ ಬಿಡಲಿಲ್ರಿ. ಅದೊಂದು ಚೊಲೋ," ಎಂದರು.

"ಬಣ್ಣನ ಇಲ್ಲಲ್ರಿ ಅದಕ್ಕ, ಬಿಡೂದ ಏನ ಬಂತು!"

"ಇಲ್ಲಂತ ಹ್ಯಾಂಗ ಅಂತೀರಿ? ಮುಂಜಾನಿ ನೆರಳಾಗ ಬಿಳಿ ಇತ್ತು. ಬಿಸಲಿಗೆ ಹಿಡದ್ರ ಕೆಂಪು, ನೀಲಿ, ಹಸರು. ದೀಪ ಹಚ್ಚಿದ್ರ ಹಳದಿ. ನಾವು ಸೀರಿ ನೋಡೂದು ಹಿಂಗ ನೋಡ್ರಿ. ನೆರಳು, ಬಿಸಲು, ದೀಪ, ಮೂರರಾಗೂ ಬಣ್ಣ ಒಂದ ಇರಬೇಕು. ಇದು ಒಂದ ಬಣ್ಣದ ಮ್ಯಾಲ ನಿಂದ್ರವಲ್ದು."

ಹರಳಿನಲ್ಲಿ ಬೆಳಕು ಒಡೆದು ಬಣ್ಣಗಳು ಹಾರುವುದೇ ಅದರ ಹೆಚ್ಚುಗಾರಿಕೆ ಎಂದು ನಾನು ಗಂಟಲು ಹರಿದುಕೊಂಡೆ. ಒಳ್ಳೆಯ ಕಟಿಂಗ್ ಇಲ್ಲದಿದ್ದರೆ ಹೀಗೆ ಹಾರುವುದೇ ಇಲ್ಲ ಎಂದೆ. ಕೈ ಬೀಸಿ ಮಾತಾಡುವಾಗ ಬಟ್ಟಲಿನ ನೀರೂ ಚೆಲ್ಲಿದೆ. ಅವರು ಪಾಪ, ಅಡ್ಡ ಮಾತಾಡದೆ ಕೊನೆಯವರೆಗೂ ಕೇಳಿದರು. ಆಮೇಲೆ ನನ್ನ ಹೆಗಲ ಮೇಲೆ ಕೈ ಇಟ್ಟರು.

"ನಮ್ಮ ಸೀರಿ ಬಣ್ಣ ಬಿಟ್ಟಾಗ ಗಿರಾಕಿಗೆ ನಾವೂ ಹಿಂಗ ಹೇಳ್ತೇವ್ರಿ. ಅದ ಅದರ ಹೆಚ್ಚುಗಾರಿಕಿ ಅಂತ."

ಬಾದಾಮಿಯ ಪರೀಕ್ಷೆ

ಮದುವೆಯ ವಾರ ಬಂತು, ಹರಳು ಮತ್ತೆ ನನ್ನ ಕಿಸೆಯಲ್ಲೇ ಇತ್ತು. ಹೆಂಡತಿ ಟ್ರಂಕು ಹೊರಗೆ ತೆಗೆಯಲೇ ಇಲ್ಲ. ಆಗಲೇ ಬಾದಾಮಿಯಿಂದ ಒಬ್ಬ ಅಜ್ಜಿ ಹೇಳಿ ಕಳಿಸಿದಳು. ಮೊಮ್ಮಗಳ ಮದುವೆ, ಮೂಗುಬೊಟ್ಟಿಗೆ ವಜ್ರ ಬೇಕು. ಈ ಸಲ ಮನೆಯಲ್ಲಿ ಇಟ್ಟು ಬರುವ ಮಾತೇ ಇಲ್ಲ, ನಿಂತ ಕಾಲ ಮೇಲೆ ಮಾರಿ ಬರುತ್ತೇನೆಂದು ಹೊರಟೆ.

ಅಜ್ಜಿಯ ಮನೆ ಗುಡ್ಡದ ಬುಡದಲ್ಲಿ. ಮನೆಯೊಳಗೆ ಕತ್ತಲೆ, ಮಾಳಿಗೆಯ ಮೇಲೆ ಒಳ್ಳೆಯ ಬಿಸಿಲು. ಬೆಳಕಿನಲ್ಲೇ ನೋಡಬೇಕೆಂದು ಹಟ ಹಿಡಿದು, ನಾಲ್ಕೂ ಗುಣಗಳನ್ನು ಒಪ್ಪಿಸುತ್ತ ಅವಳನ್ನು ಮೇಲೆ ಹತ್ತಿಸಿದವನು ನಾನೇ. ಅಲ್ಲಿ ಮೆಣಸಿನಕಾಯಿ ಒಣಹಾಕಿದ್ದರು. ಮಂಗಗಳನ್ನು ಓಡಿಸಲು ಅಜ್ಜಿಯ ಕೈಯಲ್ಲಿ ಒಂದು ಕೋಲು. ನಾನು ಪೊಟ್ಟಣ ಬಿಚ್ಚಿ, "ಎರಡೂ ಕೈಯಿಂದ ಹಿಡದ ನೋಡಬೇ, ಕೋಲ ಕೆಳಗ ಇಡು," ಎಂದೆ.

ಅವಳು ಕೋಲು ಇಟ್ಟಳು. ಅದನ್ನೇ ಕಾಯುತ್ತಿದ್ದ ಒಂದು ಮುದಿ ಮಂಗ ಗುಡ್ಡದ ಬಂಡೆಯ ಮೇಲಿನಿಂದ ಧೊಪ್ಪನೆ ಇಳಿದು, ಶೇಂಗಾದ ಪೊಟ್ಟಣವೆಂದು ತಿಳಿದು ನನ್ನ ಕೈಯಿಂದ ಕಿತ್ತುಕೊಂಡು ಗೋಡೆ ಏರಿ ಕೂತಿತು. ಕಣ್ಣ ಮುಂದೆ ಹೆಂಡತಿಯ ಬರಿಗೈ ಬಂತು. ಮಂಗ ಕಾಗದ ಬಿಸಾಡಿ, ಹರಳನ್ನು ಎರಡು ಬೆರಳಲ್ಲಿ ಎತ್ತಿ ಬಿಸಿಲಿಗೆ ಹಿಡಿಯಿತು. ಆ ಕಡೆ ತಿರುಗಿಸಿತು, ಈ ಕಡೆ ತಿರುಗಿಸಿತು. ಓರೆಯಾಗಿಯೂ ನೋಡಿತು. ಹುನಗುಂದದ ಮಾಸ್ತರರನ್ನು ಬಿಟ್ಟರೆ ನಾನು ಹೇಳಿಕೊಟ್ಟಂತೆ ನೋಡಿದ ಗಿರಾಕಿ ಅದೊಂದೇ. ಆಮೇಲೆ ಬಾಯಿಗೆ ಹಾಕಿ ಕಟಂ ಎಂದು ಕಡಿಯಿತು. ಬಲದವಡೆಯಲ್ಲಿ ಕಡಿಯಿತು, ಎಡದವಡೆಯಲ್ಲಿ ಕಡಿಯಿತು. ಕೊನೆಗೆ ನನ್ನನ್ನು ದುರುಗುಟ್ಟಿ ನೋಡಿ, ಥೂ ಎಂದು ಮೆಣಸಿನಕಾಯಿ ರಾಶಿಯ ಮೇಲೆ ಉಗುಳಿ ಹೋಯಿತು.

ಮೆಣಸಿನಕಾಯಿ ರಾಶಿಯನ್ನು ಎರಡೂ ಕೈಯಿಂದ ಕೆದಕಿದೆ. ಬೆವರು ಒರೆಸಿಕೊಳ್ಳಲು ಹೋಗಿ ಅದೇ ಕೈಯಿಂದ ಕಣ್ಣು ಉಜ್ಜಿಕೊಂಡೆ. ಲೋಕವೇ ಹೊತ್ತಿ ಉರಿಯಿತು. ಹರಳು ಸಿಕ್ಕಿತು, ಆದರೆ ನೋಡಲು ಕಣ್ಣಿರಲಿಲ್ಲ. ಕುರುಡನಂತೆ ಕೈ ಚಾಚಿ, ಮೂಗು ಕಣ್ಣು ಒಟ್ಟಿಗೆ ಸೋರಿಸುತ್ತ ನಿಂತೆ.

"ಅಳಬ್ಯಾಡೋ ತಮ್ಮಾ," ಎಂದಳು ಅಜ್ಜಿ. "ನಾ ತಗೋತೇನಿ."

"ಕಟಿಂಗ್ ನೋಡಲಿಲ್ಲ, ಬಿಳುಪು ನೋಡಲಿಲ್ಲ," ಎಂದು ನಾನು ಬಿಕ್ಕಿದೆ.

"ನೋಡೂದ ಏನೈತಿ? ನಮ್ಮ ಮಂಗ್ಯಾನ ಹಲ್ಲಿಗೆ ಬಿದ್ದ ಗಾಜು ಉಳದದ್ದು ನಾ ಕಂಡಿಲ್ಲ. ಇದು ಖರೇ ವಜ್ರ."

"ಅಲ್ಲಬೇ, ಇಷ್ಟೊತ್ತು ನಾ ಹೇಳಿದ್ದು?"

"ನೀ ಮಾರಾಂವ, ನೀ ಹೇಳಾಂವನ. ಮಂಗ್ಯಾಗ ಏನ ಬಂದೈತಿ ಸುಳ್ಳ ಹೇಳಾಕ?"

ಮದುವೆಗೆ ಹೊರಡುವ ದಿನ ಮುಂಜಾನೆ, ಅಜ್ಜಿ ಕೊಟ್ಟ ಹಣದಲ್ಲಿ ಪಾಟ್ಲಿ ಬಿಡಿಸಿ ತಂದು ಹೆಂಡತಿಯ ಮುಂದಿಟ್ಟೆ. ಅವಳು ಹಾಕಿಕೊಂಡು ಕೈ ತಿರುಗಿಸಿ ನೋಡಿಕೊಂಡಳು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತು, ನಡೆದದ್ದೆಲ್ಲ ಹೇಳಿದೆ. ಅವಳು ನಗಲಿಲ್ಲ. ಕೂಡಲಸಂಗಮದ ದಾರಿ ಹಿಡಿಯುವತನಕ ಯೋಚನೆ ಮಾಡಿದಳು.

"ಹಂಗಾರ ಇನ್ನೊಂದು ಹರಳ ತರೂದಿದ್ರ ತರ್ರಿ," ಎಂದಳು. "ಆದ್ರ ಮಾರಾಕ ನೀವು ಹೋಗಬ್ಯಾಡ್ರಿ. ಆ ಮಂಗ್ಯಾನ್ನ ಕಳಸ್ರಿ."