ಬೀರೂರು ದಾಟದ ಕೊಪ್ಪರಿಗೆಗಳು

ನನ್ನ ನಿದ್ದೆಗೆ ಕಲ್ಲು ಬಿದ್ದದ್ದು ಒಂದು ಶನಿವಾರ ಮಧ್ಯಾಹ್ನ ಹನ್ನೆರಡು ಗಂಟೆ ಇಪ್ಪತ್ತು ನಿಮಿಷಕ್ಕೆ. ಆ ಗಳಿಗೆಯಲ್ಲಿ ನಾನು ಬಹಳ ಖುಷಿಯಾಗಿದ್ದೆ!

ಕಡೂರಿನ ನಮ್ಮ ಅಂಗಡಿಯಲ್ಲಿ ಕುಳಿತು, ಕಂಪ್ಯೂಟರ್ ಪರದೆಯ ಮೇಲೆ ಒಂದು ನೀಲಿ ಚುಕ್ಕಿ ಅಜ್ಜಂಪುರ ಬಿಟ್ಟು ಹೊರಟದ್ದನ್ನು ನೋಡುತ್ತಿದ್ದೆ. ಆ ಚುಕ್ಕಿಯೇ ನಮ್ಮ ಟೆಂಪೋ. ಅದರಲ್ಲಿದ್ದವು ನಮ್ಮ ನಾಲ್ಕು ತಾಮ್ರದ ಕೊಪ್ಪರಿಗೆಗಳು. ತರೀಕೆರೆ ಹತ್ತಿರದ ಅಮೃತಾಪುರದ ಲೋಕಣ್ಣನ ಮಗಳ ಮದುವೆಗೆ ಹೊರಟಿದ್ದವು. ಸಂಜೆ ಗಂಡಿನ ಕಡೆಯವರು ಬಸ್ಸಿಳಿಯುವಷ್ಟರಲ್ಲಿ ಅವುಗಳಲ್ಲಿ ಅನ್ನ, ಹುಳಿ ಬೆಂದಿರಬೇಕಿತ್ತು.

"ಗಿರಿಜಾ, ಬಾ ಇಲ್ಲಿ! ಕೂತಲ್ಲೇ ಗಾಡಿ ಕಾಣ್ತಾ ಇದೆ!"

ಹೆಂಡತಿ ತಟ್ಟೆಗಳನ್ನು ಜೋಡಿಸುತ್ತಲೇ ಹೇಳಿದಳು: "ಗಾಡಿ ನಿಮಗೆ ಕಂಡ್ರೆ ಏನ್ ಬಂತು? ಕೊಪ್ಪರಿಗೆ ಲೋಕಣ್ಣನಿಗೆ ಕಾಣ್ಬೇಕು ಕಣ್ರೀ."

ಶಾಮಿಯಾನ ಮತ್ತು ಪಾತ್ರೆ ಬಾಡಿಗೆ ನನ್ನ ಮಾವ ರುದ್ರಪ್ಪನವರು ಕಟ್ಟಿದ ವ್ಯಾಪಾರ. ಕಡೂರು, ತರೀಕೆರೆ, ಅಜ್ಜಂಪುರದಲ್ಲಿ ಒಂದೊಂದು ಅಂಗಡಿ. ಯಾವ ಜಮಖಾನೆ ಯಾವ ಊರಲ್ಲಿದೆ ಎಂಬುದು ಅವರ ತಲೆಯಲ್ಲೇ ಇರುತ್ತಿತ್ತು. ಬಿ.ಕಾಂ. ಓದಿದ ಅಳಿಯನಾಗಿ ನನಗೆ ಇದು ಸಹಿಸಲಾಗದ ಹಿಂದುಳಿದಿರುವಿಕೆಯಾಗಿ ಕಂಡಿತು. ದಾಸ್ತಾನು, ಗಾಡಿ, ಬಿಲ್ಲು, ಕೆಲಸಗಾರರ ಹಾಜರಿ ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುವ ಇಆರ್‌ಪಿ ಎಂಬ ತಂತ್ರಾಂಶ ತರಲೇಬೇಕೆಂದು ನಿರ್ಧರಿಸಿದೆ.

ಮೂರು ಕಂಪನಿಗಳು ಒಂದು ತಿಂಗಳು ಪುಕ್ಕಟೆಯಾಗಿ ಬಳಸಿ ನೋಡಿ ಎಂದವು. ನಾನು ದೊಡ್ಡ ಹಾಳೆಯಲ್ಲಿ ತುಲನಾ ಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಕ್ಲೌಡ್ ಇದೆಯೇ? ಇಂಟರ್ನೆಟ್ ಹೋದರೂ ನಡೆಯುತ್ತದೆಯೇ? ಬಾರ್‌ಕೋಡ್? ಮೊಬೈಲ್ ಆ್ಯಪ್? ಪಕ್ಷಪಾತ ಆಗಬಾರದೆಂದು ಕಡೂರಿಗೆ ಒಂದು, ತರೀಕೆರೆಗೆ ಒಂದು, ಅಜ್ಜಂಪುರಕ್ಕೆ ಒಂದು ಹಂಚಿದೆ. ಇಷ್ಟು ನ್ಯಾಯವಾದ ಪರೀಕ್ಷೆ ವಿಶ್ವವಿದ್ಯಾಲಯದಲ್ಲೂ ನಡೆಯುವುದಿಲ್ಲ!

ದಾಸ್ತಾನು ತುಂಬುವಾಗ ಒಂದೇ ಕಡೆ ತೊಡಕಾಯಿತು. ಮಾವನಿಗೆ ಫೋನ್ ಮಾಡಿದೆ. "ಕೊಪ್ಪರಿಗೆ ಯಾವ ಅಂಗಡಿಯವು ಮಾವ?"

"ಎಲ್ಲಿ ಮದುವೆ ಐತೋ ಅಲ್ಲಿಯವು ಕಣಪ್ಪಾ."

ಅಂಥ ಉತ್ತರಕ್ಕೆ ಯಾವ ತಂತ್ರಾಂಶದಲ್ಲೂ ಜಾಗವಿರಲಿಲ್ಲ. ಆದ್ದರಿಂದ ನಾಲ್ಕೂ ಕೊಪ್ಪರಿಗೆಗಳನ್ನು ಮೂರೂ ಅಂಗಡಿಗಳ ದಾಸ್ತಾನಿಗೆ ಸೇರಿಸಿಬಿಟ್ಟೆ. ಯಾರಿಗೂ ಬೇಜಾರಾಗದ ಜಾಣತನ ಎನಿಸಿತ್ತು.

ಮೂರೂ ತಂತ್ರಾಂಶಗಳಲ್ಲಿ ಒಂದು ವಿಶೇಷ ಸೌಲಭ್ಯವಿತ್ತು. ಅಂಗಡಿಯ ವಸ್ತು ಅಂಗಡಿಯಲ್ಲಿಲ್ಲದಿದ್ದರೆ ಅದೇ ಹುಡುಕಿ, ಗಾಡಿಯವನಿಗೆ ಸಂದೇಶ ಕಳಿಸಿ, ವಾಪಸ್ ತರಿಸುತ್ತದೆ. ನಾನು ಅದಕ್ಕೆ ಪೂರ್ತಿ ಅಂಕ ಕೊಟ್ಟಿದ್ದೆ. ಚಾಲಕ ತಿಪ್ಪೇಶನಿಗೆ ಮೂರೂ ಆ್ಯಪ್ ಹಾಕಿದ ಹೊಸ ಫೋನ್ ಕೊಟ್ಟು ಕಟ್ಟುನಿಟ್ಟಾಗಿ ಹೇಳಿದ್ದೆ: "ಆ್ಯಪ್ ಹೇಳಿದಂತೆ ನಡೆಯಬೇಕು. ಗಾಡಿ ಓಡಿಸುವಾಗ ಯಾರ ಕರೆಯನ್ನೂ ತೆಗೆಯಕೂಡದು. ನನ್ನದೂ ಸಹ!"

ಈಗ ಚುಕ್ಕಿಗೆ ಬರೋಣ. ತರೀಕೆರೆ ಕಡೆ ಹೋಗುತ್ತಿದ್ದ ಅದು ಇದ್ದಕ್ಕಿದ್ದಂತೆ ಬೀರೂರಿನ ಕಡೆ ತಿರುಗಿತು. ಕಡೂರಿನ ತಂತ್ರಾಂಶ ತನ್ನ ಕೊಪ್ಪರಿಗೆಗಳು ಕಾಣೆಯಾಗಿವೆ ಎಂದು ಕರೆಸಿತ್ತು. ಬೀರೂರಿಗೆ ಬರುತ್ತಿದ್ದಂತೆ ತರೀಕೆರೆಯದು ಕರೆಯಿತು. ಚುಕ್ಕಿ ಆ ಕಡೆ ಅರ್ಧ ದಾರಿ ಹೋಯಿತು. ಅಷ್ಟರಲ್ಲಿ ಅಜ್ಜಂಪುರದ್ದಕ್ಕೆ ಎಚ್ಚರವಾಯಿತು. ಚುಕ್ಕಿ ಮತ್ತೆ ಬೀರೂರಿಗೆ ಬಂತು!

ತಿಪ್ಪೇಶನಿಗೆ ಕರೆ ಮಾಡಿದೆ. ತೆಗೆಯಲಿಲ್ಲ. ನನ್ನ ಆಜ್ಞೆಯನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದವರು ಈ ಭೂಮಿಯ ಮೇಲೆ ಅವನೊಬ್ಬನೇ.

ಆಗ ಲೋಕಣ್ಣನ ಫೋನ್ ಬಂತು. "ಏನಪ್ಪಾ, ಭಟ್ರು ಒಲೆ ಹಚ್ಚಿ ಕೂತವ್ರೆ. ಪಾತ್ರೆ ಎಲ್ಲಿ?"

"ಬೀರೂರಲ್ಲಿವೆ ಲೋಕಣ್ಣ."

ಸ್ವಲ್ಪ ಹೊತ್ತಿಗೆ ಮತ್ತೆ ಫೋನ್. "ಈಗೆಲ್ಲಿ?"

"ಬೀರೂರಲ್ಲಿ..."

"ಲೇ, ಬೀರೂರು ಅಷ್ಟ್ ದೊಡ್ಡ ಊರು ಯಾವಾಗ ಆಯ್ತೋ?"

ಮೂರೂ ತಂತ್ರಾಂಶಗಳಲ್ಲಿ 'ರದ್ದು' ಒತ್ತಿದೆ. ರದ್ದಾಗಲಿಲ್ಲ. ರದ್ದು ಎಂದರೆ ಗಿರಾಕಿಗೆ ಬೇಡವಾಯಿತು ಎಂದು ಮೂರೂ ಅರ್ಥ ಮಾಡಿಕೊಂಡು, ಒಟ್ಟಿಗೆ ಮೂರು ದಿಕ್ಕಿಗೆ ಕರೆದವು. ಚುಕ್ಕಿ ನಿಂತಲ್ಲೇ ಗಿರಗಿರ ತಿರುಗಿತು. ಸಹಾಯವಾಣಿಗೆ ಕರೆ ಮಾಡಿದೆ. ನನ್ನ ಕರೆ ಅವರಿಗೆ ಬಹಳ ಮುಖ್ಯವೆಂದು ಹೇಳಿ ಸಂಗೀತ ಹಾಕಿದರು. ಕಣ್ಣ ಮುಂದೆ ಬೀಗರು ಕಂಡರು. ಬಸ್ಸಿಳಿದು, ಎಲೆ ಮುಂದೆ ಕುಳಿತು, ಖಾಲಿ ಎಲೆ ನೋಡುತ್ತಾ ಎದ್ದು ಹೋಗುವ ಬೀಗರು! ಮದುವೆ ಮುರಿದ ಅಳಿಯ ಎಂದು ಮೂರು ತಾಲ್ಲೂಕಿನಲ್ಲೂ ನನ್ನ ಹೆಸರು ನಿಲ್ಲುತ್ತದೆ.

ಗಿರಿಜಾ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. "ಆ ತಿಪ್ಪೇಶ ಬೀರೂರಲ್ಲಿ ಟೀ ಕುಡೀದೆ ಮುಂದಕ್ಕೆ ಹೋಗಿದ್ದುಂಟೇನ್ರೀ?" ಎಂದವಳೇ ಟೀ ಅಂಗಡಿಗೆ ಫೋನ್ ಹಚ್ಚಿದಳು. "ಅಣ್ಣಾ, ನಮ್ ತಿಪ್ಪೇಶ ಬಂದ್ರೆ ಗಾಡಿ ಕೀ ಕಿತ್ತಿಟ್ಕೊಳ್ಳಿ."

"ಇಲ್ಲೇ ಅವ್ನೆ ಕಣಮ್ಮಾ. ಇದು ನಾಕನೇ ಟೀ. ನಿಮ್ಮೋರಿಗೆ ಏನೋ ಆಗಿದೆ ಅಂತ ಕಣ್ಣೀರ್ ಹಾಕ್ತಾವ್ನೆ."

ಸ್ಕೂಟರಿನಲ್ಲಿ ಬೀರೂರಿಗೆ ಹಾರಿ ಹೋದೆವು. ಗಿರಿಜಾ ಓಡಿಸಿದಳು. ತಿಪ್ಪೇಶನ ಹೊಸ ಫೋನನ್ನು ಅವಳು ಆಫ್ ಮಾಡಿ ಟೆಂಪೋ ಸೀಟಿನ ಕೆಳಗೆ ಎಸೆದಳು. ಆಮೇಲೆ ನಮ್ಮನ್ನೂ ಹತ್ತಿಸಿಕೊಂಡು ಟೆಂಪೋ ಬಾಣದಂತೆ ಹೋಯಿತು.

ಅಮೃತಾಪುರ ಮುಟ್ಟಿದಾಗ ಮುಸ್ಸಂಜೆ. ಬೀಗರು ಆಗಲೇ ಬಂದಿದ್ದರು. ನಾನು ಕಣ್ಣು ಮುಚ್ಚಿಕೊಂಡೇ ಇಳಿದೆ. ಮೂಗಿಗೆ ಹುಳಿಯ ವಾಸನೆ ಬಡಿಯಿತು! ಚಪ್ಪರದ ಹಿಂದೆ ಸಾಲು ಸಾಲು ಒಲೆಗಳು. ಓಣಿಯ ಹೆಂಗಸರೆಲ್ಲ ತಮ್ಮ ತಮ್ಮ ಮನೆಯ ತಪ್ಪಲೆ, ಡಬರಿ, ಬೋಗುಣಿ ತಂದು ಅಡುಗೆಗೆ ನಿಂತಿದ್ದರು. ಗಂಡಿನ ಕಡೆಯ ಹಿರಿಯರೊಬ್ಬರು ಬೆರಗಾಗಿ ಕೇಳುತ್ತಿದ್ದರು: "ಮನೆಗೊಂದು ಪಾತ್ರೆ ತಂದು ಬೇಯ್ಸೋದು ನಿಮ್ಮೂರ ಪದ್ಧತಿನಾ? ಭಾಳ ಚೆನ್ನಾಗೈತೆ."

"ಹೂಂ, ನಮ್ಮ ತಾತನ ಕಾಲದಿಂದ್ಲೂ," ಎಂದ ಲೋಕಣ್ಣ, ನನ್ನನ್ನೇ ನುಂಗುವಂತೆ ನೋಡುತ್ತಾ.

ನಮ್ಮ ಕೊಪ್ಪರಿಗೆಗಳಿಗೆ ಮಾರನೆಯ ದಿನದ ಧಾರೆ ಊಟದ ಕೆಲಸ ಸಿಕ್ಕಿತು. ನನಗೆ ಆಗಲೇ ಸಿಕ್ಕಿತ್ತು. ಅಷ್ಟೂ ಪಾತ್ರೆ ತೊಳೆದು ಅವರವರ ಮನೆಗೆ ಮುಟ್ಟಿಸಬೇಕು! ಯಾವುದು ಯಾರದು ಎಂದು ಮತ್ತೆ ಗಾಬರಿಯಾಯಿತು. ತಿರುಗಿಸಿ ನೋಡಿದರೆ, ಪ್ರತಿಯೊಂದರ ಮೇಲೂ ಮನೆಯವರ ಹೆಸರು ಕೆತ್ತಿತ್ತು. ಒಂದೂ ತಪ್ಪಲಿಲ್ಲ. ಲಾಗಿನ್ ಕೇಳಲಿಲ್ಲ, ಇಂಟರ್ನೆಟ್ ಬೇಡಲಿಲ್ಲ. ನನ್ನ ತುಲನಾ ಪಟ್ಟಿಯಲ್ಲಿ ಈ ತಂತ್ರಾಂಶ ಬಿಟ್ಟೇ ಹೋಗಿತ್ತು.

ಆಮೇಲೆ ಪ್ರತಿ ರಾತ್ರಿ ಫೋನ್ ಟಿಣ್ ಎಂದಂತಾಗಿ ಎದ್ದು ಕೂರುತ್ತಿದ್ದೆ. ಕಣ್ಣು ಮುಚ್ಚಿದರೆ ನೀಲಿ ಚುಕ್ಕಿ, ಅದರ ಹಿಂದೆ ಓಡುವ ಬೀಗರು. ಕೊನೆಗೆ ಪುಕ್ಕಟೆ ತಿಂಗಳು ಮುಗಿದು, ಒಂದೇ ದಿನ ಮೂರೂ ತಂತ್ರಾಂಶಗಳು ಕಣ್ಣು ಮುಚ್ಚಿದವು. ಅಂದೇ ಮಾವ ಹೆಸರು ಹಾಕುವವನನ್ನು ಕರೆಸಿ ಕೊಪ್ಪರಿಗೆಗಳ ಮೇಲೆ 'ರುದ್ರಪ್ಪ' ಎಂದು ಕೆತ್ತಿಸಿದರು.

ಗಿರಿಜಾ ನನ್ನ ಕಡೆ ಕೈ ತೋರಿದಳು. "ಅಣ್ಣಾ, ಇವ್ರ ಬೆನ್ನ ಮೇಲೂ ಒಂದ್ ಹೆಸ್ರು ಹಾಕ್ಬಿಡಿ. ಎಲ್ಲಾದ್ರೂ ಕಳೆದ್ಹೋದ್ರೆ ಯಾರಾದ್ರೂ ತಂದ್ಕೊಡ್ತಾರೆ."

ಅವನು ಉಳಿ ಕೈಯಲ್ಲಿ ಹಿಡಿದು ನನ್ನನ್ನು ಮೇಲಿಂದ ಕೆಳಗೆ ಅಳೆದ. "ನಿಮ್ ಹೆಸ್ರಾ ತಾಯಿ, ರುದ್ರಪ್ಪನೋರ ಹೆಸ್ರಾ?"

ಆ ರಾತ್ರಿ ಒಮ್ಮೆಯೂ ಎಚ್ಚರವಾಗದೆ ಬೆಳಗಿನವರೆಗೂ ನಿದ್ದೆ ಮಾಡಿದೆ. ಎದ್ದವನು ಮೊದಲು ಅಂಗಿ ಬಿಚ್ಚಿ, ಕನ್ನಡಿಗೆ ಬೆನ್ನು ತಿರುಗಿಸಿ ನೋಡಿಕೊಂಡೆ. ಏನೂ ಬರೆದಿರಲಿಲ್ಲ. ಆಮೇಲೆಯೇ ಹಲ್ಲುಜ್ಜಲು ಹೋದದ್ದು!